ಹೊಸೂರಿಗೆ ಮನೆ ಬದಲಾಯಿಸುತ್ತಿದ್ದೇವೆ, ಊರು ಹೇಗೆ? ಇದ್ದವರು ಹೇಳಿ

ಅಕ್ಕಿರೊಟ್ಟಿ
ನಮಸ್ಕಾರ ಎಲ್ಲರಿಗೂ. ನಮ್ಮವರಿಗೆ ತಮಿಳುನಾಡು ಗಡಿಯ ಹೊಸೂರಿನಲ್ಲಿ ಗಾಡಿ ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದೆ. ನನ್ನ ಆಫೀಸು ಎಲೆಕ್ಟ್ರಾನಿಕ್ ಸಿಟಿ. ಈಗ ಇರುವುದು ಬನಶಂಕರಿ ಮೂರನೇ ಹಂತ. ಅವರು ದಿನಾ ಬೆಳಗ್ಗೆ 4 ಗಂಟೆಗೆ ಏಳುವುದನ್ನು ನೋಡಿ ನೋಡಿ ನನಗೇ ಸಾಕಾಗಿದೆ. ಮಗಳು ಜೂನ್‌ನಲ್ಲಿ ಒಂದನೇ ಕ್ಲಾಸು.

ನೆಟ್‌ನಲ್ಲಿ ಹುಡುಕಿದರೆ ಬರೀ ಸೈಟ್ ಮಾರುವವರ ವಿಡಿಯೊ. "ಬೆಂಗಳೂರಿನ ಪಕ್ಕದಲ್ಲೇ, ಬೆಂಗಳೂರಿನ ಪಕ್ಕದಲ್ಲೇ" ಅಂತ ಹತ್ತು ನಿಮಿಷ ಹೇಳುತ್ತಾರೆ. ಊರಿನ ಬಗ್ಗೆ ಒಂದು ಮಾತಿಲ್ಲ. ನೀರು ಹೇಗೆ? ಕನ್ನಡ ನಡೆಯುತ್ತದಾ? ಮಗಳ ಶಾಲೆ? ಸಂಜೆ ತರಕಾರಿ ತರಲು ನಡೆದು ಹೋಗಬಹುದಾ? ಇಂಥ ಸಣ್ಣ ವಿಷಯಗಳೇ ಬೇಕು.

ಸಿಲ್ಕ್‌ಬೋರ್ಡ್‌_ಸಂತ್ರಸ್ತ
ನಾನು ನಾಲ್ಕು ವರ್ಷ ಉಲ್ಟಾ ಓಡಾಡಿದ್ದೇನೆ. ಮನೆ ಹೊಸೂರು, ಕೆಲಸ ಬೆಂಗಳೂರು. ದೂರ ಬರೀ 40 ಕಿಲೋಮೀಟರ್. ಆದರೆ ಚಂದಾಪುರ ದಾಟುವುದು ಒಂದು ತಪಸ್ಸು. ಅತ್ತಿಬೆಲೆಯಲ್ಲಿ ಒಂದು ಟೋಲ್, ಮೇಲುಸೇತುವೆ ಹತ್ತಿದರೆ ಇನ್ನೊಂದು.

ನಿಮ್ಮ ಆಫೀಸು ಎಲೆಕ್ಟ್ರಾನಿಕ್ ಸಿಟಿ ಆದ್ದರಿಂದ ಬಚಾವ್. ಸಿಲ್ಕ್ ಬೋರ್ಡ್‌ವರೆಗೆ ಬರುವ ಕರ್ಮ ಇಲ್ಲ. ರೈಲು ನೋಡಿ. ಸೇಲಂ ಲೈನಿನಲ್ಲಿ ಹೊಸೂರು ಬಿಟ್ಟರೆ ಆನೇಕಲ್ ರೋಡ್, ಆಮೇಲೆ ಹೀಲಲಿಗೆ. ಹೀಲಲಿಗೆಯಲ್ಲಿ ಇಳಿದರೆ ಚಂದಾಪುರ, ಎಲೆಕ್ಟ್ರಾನಿಕ್ ಸಿಟಿ ಎರಡೂ ಹತ್ತಿರ. ಆದರೆ ರೈಲು ಗಂಟೆಗೊಂದು ಇಲ್ಲ. ಅದರ ಟೈಮಿಗೆ ನಿಮ್ಮ ಆಫೀಸಿನ ಟೈಮ್ ಹೊಂದಬೇಕು. ಜೋಡಿ ಹಳಿಯ ಕೆಲಸ ವರ್ಷಗಟ್ಟಲೆಯಿಂದ ನಡೀತಾ ಇದೆ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಬೊಮ್ಮಸಂದ್ರದವರೆಗೆ ಬಂತಲ್ಲ, ಅದೂ ಒಂದು ದಾರಿ. ಬೊಮ್ಮಸಂದ್ರಕ್ಕೆ ಬಸ್ಸು, ಅಲ್ಲಿಂದ ಮೆಟ್ರೊ.

"ಮೆಟ್ರೊ ಹೊಸೂರಿಗೂ ಬರುತ್ತೆ" ಅಂತ ಬ್ರೋಕರ್ ಹೇಳಿದರೆ ನಕ್ಕು ಮುಂದೆ ಹೋಗಿ.

ರಾಮನಾಯಕನಕೆರೆ_ದಂಡೆ
ತಾಯಿ, ನಾನು ಹುಟ್ಟಿದ್ದು ಇಲ್ಲೇ. ರಿಟೈರ್ ಆಗಿ ಆರು ವರ್ಷ ಆಯಿತು. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಓದಿ.

ಮೊದಲನೇ ಮಾತು. ಹೊಸೂರನ್ನು ಬೆಂಗಳೂರಿನ ಪಕ್ಕದ ಊರು ಅಂತ ನೋಡಲು ಹೋಗಬೇಡಿ, ನಿರಾಸೆ ಆಗುತ್ತದೆ. ಇಲ್ಲಿ ಮಾಲು ಕಮ್ಮಿ, ಫುಟ್‌ಪಾತು ಇನ್ನೂ ಕಮ್ಮಿ. ಇದು ಶಿಫ್ಟಿನ ಊರು. ಅದನ್ನು ನೋಡಬೇಕಾದರೆ ಬೆಳಗ್ಗೆ ಐದೂವರೆಗೆ ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಗೆ ಬನ್ನಿ. ಕತ್ತಿನಲ್ಲಿ ಐಡಿ ಕಾರ್ಡು, ಕೈಯಲ್ಲಿ ಊಟದ ಡಬ್ಬಿ, ಬೂದು ಷರ್ಟು, ನೀಲಿ ಷರ್ಟು. ಯಾವ ಬಣ್ಣ ಯಾವ ಕಂಪನಿ ಅಂತ ಟೀ ಅಂಗಡಿಯವನಿಗೆ ಬಾಯಿಪಾಠ. ಕಂಪನಿ ಬಸ್ಸು ಬಂದು ನಿಲ್ಲುತ್ತದೆ, ಅರ್ಧ ಕುಡಿದ ಲೋಟ ಕಟ್ಟೆ ಮೇಲೆ ಉಳಿಯುತ್ತದೆ. ಹತ್ತು ನಿಮಿಷದಲ್ಲಿ ರಸ್ತೆ ಖಾಲಿ. ಸ್ವಲ್ಪ ಹೊತ್ತಿಗೆ ನೈಟ್ ಶಿಫ್ಟಿನವರು ಕೆಂಪು ಕಣ್ಣು ಬಿಟ್ಟುಕೊಂಡು ಇಳಿಯುತ್ತಾರೆ. ಅವರಿಗೆ ಅದೇ ಹೊತ್ತು ರಾತ್ರಿ ಊಟ. ಬೆಳಗ್ಗೆ ಏಳಕ್ಕೆ ಪರೋಟ ಕೇಳಿದರೆ ಯಾರೂ ಹುಬ್ಬೇರಿಸದ ಊರು ಇದು.

ನಾನು ಚಿಕ್ಕವನಿದ್ದಾಗ ಇಲ್ಲಿ ಹೇಳಿಕೊಳ್ಳುವಂಥದ್ದು ಸಂತೆ, ಬೆಟ್ಟದ ಮೇಲಿನ ಚಂದ್ರಚೂಡೇಶ್ವರ, ಮತ್ತಿಗಿರಿ ದನದ ಫಾರಂ ಇಷ್ಟೇ. ಫಾರಂ ಬ್ರಿಟಿಷರು ಸೈನ್ಯದ ಕುದುರೆಗೆ ಅಂತ ಮಾಡಿದ್ದು. ರಾಜಾಜಿ ಹುಟ್ಟಿದ ತೊರಪಲ್ಲಿ ಪಕ್ಕದಲ್ಲೇ. 1878ರಲ್ಲಿ ಅಲ್ಲಿ ಹುಟ್ಟಿ, ಹೊಸೂರಿನ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದವರು. ಓದಿದವರು ಬೆಂಗಳೂರಿಗೆ ಹೋಗುವ ಚಾಳಿ ಅಷ್ಟು ಹಳೆಯದು ನೋಡಿ.

1971ರಲ್ಲಿ ತಮಿಳುನಾಡು ಸರ್ಕಾರ ಕೈಗಾರಿಕಾ ಪ್ರದೇಶ ಮಾಡಲು ಸಿಪ್ಕಾಟ್ ಅನ್ನುವ ನಿಗಮ ಶುರು ಮಾಡಿತು. ಅದು ಮೊದಮೊದಲು ಕೈ ಹಾಕಿದ ಜಾಗಗಳಲ್ಲಿ ನಮ್ಮೂರೂ ಒಂದು. ಲೆಕ್ಕ ಸರಳ. ಆಗ ನಾವಿದ್ದ ಧರ್ಮಪುರಿ ಹಿಂದುಳಿದ ಜಿಲ್ಲೆ, ರಿಯಾಯಿತಿ ತಮಿಳುನಾಡಿನದು. ಆದರೆ ಎಂಜಿನಿಯರ್, ಬ್ಯಾಂಕು, ವಿಮಾನ ಎಲ್ಲ ಬೆಂಗಳೂರಿನದು. ಹವಾನೂ ಬೆಂಗಳೂರಿನದೇ. 1980ರಲ್ಲಿ ಇಲ್ಲಿಂದ ಟಿವಿಎಸ್ 50 ಹೊರಬಂತು, ಇಬ್ಬರು ಕೂರುವ ಮೊಪೆಡ್ಡು. ನಮ್ಮಪ್ಪ ಅದರ ಮೇಲೆ ಎರಡು ಮೂಟೆ ರಾಗಿ, ನನ್ನ ತಮ್ಮ, ಒಂದು ಕೋಳಿ ಎಲ್ಲ ಹೇರಿಕೊಂಡು ಬರುತ್ತಿದ್ದರು. ಅದೇ ಹೊತ್ತಿಗೆ ಅಶೋಕ್ ಲೇಲ್ಯಾಂಡ್ ಲಾರಿ ಕಾರ್ಖಾನೆ ಬಂತು. ಆಮೇಲೆ ಟೈಟಾನ್. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ಸೇರಿ ಕಟ್ಟಿದ ಕಂಪನಿ. ಹೆಸರಿನ ಕೊನೆಯ 'ಟಾನ್' ತಮಿಳುನಾಡಿನದೇ. ಹಳ್ಳಿ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ತಂದು ಗಡಿಯಾರ ಜೋಡಿಸಲು ಕಲಿಸಿದರು. ಅಂಗವಿಕಲರನ್ನೂ ತೆಗೆದುಕೊಂಡರು. ಆ ಕಾಲದಲ್ಲಿ ಅದು ದೊಡ್ಡ ವಿಷಯ. ಸೀರೆ ಮೇಲೆ ಬಿಳಿ ಕೋಟು ಹಾಕಿದ ಹೆಣ್ಣುಮಗಳು ಕಂಪನಿ ಬಸ್ಸು ಹತ್ತುವುದನ್ನು ನಮ್ಮೂರು ಮೊದಲು ನೋಡಿದ್ದು ಆಗ. ನಮ್ಮ ಬೀದಿಯ ಮುದುಕಿಯರು ಒಂದು ವರ್ಷ ಬಾಯಿ ಬಡಿದುಕೊಂಡರು. ಎರಡನೇ ವರ್ಷ ತಮ್ಮ ಮೊಮ್ಮಗಳಿಗೆ ಅರ್ಜಿ ಎಲ್ಲಿ ಸಿಗುತ್ತದೆ ಅಂತ ಕೇಳಿಕೊಂಡು ಬಂದರು.

ನೀರು, ಶಾಲೆ ಬಗ್ಗೆ ಆಮೇಲೆ ಬರೆಯುತ್ತೇನೆ. ಮೊಮ್ಮಗ ಫೋನ್ ಕೇಳುತ್ತಿದ್ದಾನೆ.

ಬಿ_ಶಿಫ್ಟ್
ಹಿರಿಯರು ಚೆನ್ನಾಗಿ ಬರೆದಿದ್ದಾರೆ. ಆದರೆ ಅದು ಪರ್ಮನೆಂಟ್ ನೌಕರಿ ಇದ್ದ ಕಾಲದ ಹೊಸೂರು. ನಮ್ಮದು ಬೇರೆ.

ನಾನು ಕೊಪ್ಪಳದವನು, ಐಟಿಐ ಫಿಟ್ಟರ್. ಮೂರು ವರ್ಷದಿಂದ ಇಲ್ಲಿದ್ದೇನೆ. ಮೂಕಂಡಪಲ್ಲಿ ಕಡೆ ಒಂದು ರೂಮಿನಲ್ಲಿ ಆರು ಜನ. ಮೂರು ಜನ ಡ್ಯೂಟಿಗೆ ಹೋದಾಗ ಮೂರು ಜನ ಮಲಗುತ್ತೇವೆ, ಹಾಸಿಗೆ ಮೂರೇ. ಒಬ್ಬ ಒಡಿಶಾ, ಇಬ್ಬರು ಬಿಹಾರ, ಒಬ್ಬ ತಿರುವಣ್ಣಾಮಲೈ ಕಡೆಯವನು, ಇನ್ನೊಬ್ಬ ನನ್ನ ಹಾಗೆ ಉತ್ತರ ಕರ್ನಾಟಕ. ರೂಮಿನ ಭಾಷೆ ಹಿಂದಿ. ನನ್ನ ಹಿಂದಿ ಇಲ್ಲಿಗೆ ಬಂದ ಮೇಲೆ ಸುಧಾರಿಸಿತು ಅಂದರೆ ನಗಬೇಡಿ.

ಗೇಟಿನ ಮೇಲೆ ದೊಡ್ಡ ಹೆಸರು ಇರುತ್ತದೆ, ನಮ್ಮ ಸ್ಲಿಪ್ಪಿನಲ್ಲಿ ಕಾಂಟ್ರಾಕ್ಟರ್ ಹೆಸರು. ನನ್ನ ಮೊದಲ ಕಾಂಟ್ರಾಕ್ಟರ್ ಹನ್ನೊಂದು ತಿಂಗಳು ಪಿಎಫ್ ಹಿಡಿದ, ಕಟ್ಟಲಿಲ್ಲ. ಅದು ಗೊತ್ತಾಗಿದ್ದು ಅಕ್ಕನ ಮದುವೆಗೆ ದುಡ್ಡು ತೆಗೆಯಲು ಹೋದಾಗ. ಮೊಬೈಲಿನಲ್ಲಿ ಪಾಸ್‌ಬುಕ್ ತೆರೆದರೆ ಸೊನ್ನೆ. ಕೇಳಲು ಹೋದರೆ ಆಫೀಸಿಗೆ ಬೀಗ.

ಹೊಸದಾಗಿ ಬರುವ ಹುಡುಗರಿಗೆ ಒಂದೇ ಮಾತು. ಮೊದಲ ಸಂಬಳದ ಮರುತಿಂಗಳೇ ಪಿಎಫ್ ಪಾಸ್‌ಬುಕ್ ನೋಡಿ. ಸ್ಲಿಪ್ಪು ನಂಬಬೇಡಿ.

ಅಕ್ಕಿರೊಟ್ಟಿ
@ಬಿ_ಶಿಫ್ಟ್ ಓದಿ ಬೇಜಾರಾಯಿತು. ದುಡ್ಡು ಆಮೇಲೆ ಸಿಕ್ಕಿತಾ?

ಬಿ_ಶಿಫ್ಟ್
ಅರ್ಧ ಸಿಕ್ಕಿತು ಅಕ್ಕ. ಎಂಟು ಜನ ಸೇರಿ ದೂರು ಕೊಟ್ಟೆವು. ಒಬ್ಬನೇ ಹೋಗಿದ್ದರೆ ಅದೂ ಇಲ್ಲ. ಈಗಿನ ಕೆಲಸ ಪರವಾಗಿಲ್ಲ, ಕ್ಯಾಂಟೀನ್ ಊಟ ಚೆನ್ನಾಗಿದೆ. ಆದರೆ ರೊಟ್ಟಿ ಮಾತ್ರ ಕನಸಿನಲ್ಲಿ ಬರುತ್ತದೆ.

ಗಡಿನಾಡು
ಒಂದು ವಿಷಯ ಯಾರೂ ಹೇಳುತ್ತಿಲ್ಲ. ಹೊಸೂರು ಅನ್ನುವುದೇ ಕನ್ನಡ ಹೆಸರು, ಹೊಸ ಊರು. ತಮಿಳು ಬೋರ್ಡಿನಲ್ಲಿ 'ಹ' ಹಾರಿಸಿ ಓಸೂರ್ ಮಾಡಿದ್ದಾರೆ. 1956ರಲ್ಲಿ ಈ ತಾಲೂಕು ನಮ್ಮ ಕೈ ತಪ್ಪಿತು. ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಕಡೆ ಹೋಗಿ ನೋಡಿ, ಎಷ್ಟು ಹಳ್ಳಿಯಲ್ಲಿ ಮನೆಮಾತು ಕನ್ನಡ ಅಂತ. 2006ರ ಕಾನೂನಿನಲ್ಲಿ ತಮಿಳು ಕಡ್ಡಾಯ ಮಾಡಿದರು. ಒಂದನೇ ಕ್ಲಾಸಿನಿಂದ ಶುರುವಾಗಿ 2016ಕ್ಕೆ ಹತ್ತನೇ ಕ್ಲಾಸಿಗೆ ಬಂತು. ಆಗ ಕನ್ನಡ, ತೆಲುಗು, ಉರ್ದು ಮಕ್ಕಳು ಕೋರ್ಟಿಗೆ ಹೋಗಿ ವಿನಾಯಿತಿ ತರಬೇಕಾಯಿತು. ಇದನ್ನೆಲ್ಲ ಗೊತ್ತಿಟ್ಟುಕೊಂಡು ಮನೆ ಮಾಡಿ.

ರಾಮನಾಯಕನಕೆರೆ_ದಂಡೆ
ಶಾಲೆಯ ಮಾತು ನಿಜ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಹೊಸೂರು, ತಳಿ ಕಡೆ ಈಗಲೂ ಇವೆ. ಆದರೆ ಮಕ್ಕಳು ವರ್ಷಾ ವರ್ಷಾ ಕಡಿಮೆ ಆಗುತ್ತಿದ್ದಾರೆ. ನನ್ನ ಹೆಂಡತಿ ಅಂಥ ಶಾಲೆಯಲ್ಲೇ ಓದಿದವಳು.

ಆದರೆ "ಕೈ ತಪ್ಪಿತು" ಅಂತ ನಾನು ಹೇಳುವುದಿಲ್ಲ. ಟಿಪ್ಪು ಹೋದ ಮೇಲೆ ಇದು ಬ್ರಿಟಿಷರ ಸೇಲಂ ಜಿಲ್ಲೆಗೆ ಸೇರಿತು. ನಮ್ಮ ಮುತ್ತಜ್ಜನ ಕಾಗದ ಪತ್ರವೆಲ್ಲ ಆ ಕಾಲದ್ದೇ. ಆಮೇಲೆ 1965ರಲ್ಲಿ ಧರ್ಮಪುರಿ ಜಿಲ್ಲೆ ಆಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆ, 2019ರಲ್ಲಿ ಊರು ಕಾರ್ಪೊರೇಷನ್ ಆಯಿತು. ಬೋರ್ಡು ಬದಲಾಗುತ್ತಾ ಹೋಯಿತು, ಸಂತೆಯ ಭಾಷೆ ಬದಲಾಗಲಿಲ್ಲ. ಇನ್ನೊಂದು ವಿಷಯ, ಈ ಊರಿನಲ್ಲಿ ಕನ್ನಡದಷ್ಟೇ ಹಳೆಯದು ತೆಲುಗು. ಮೂಕಂಡಪಲ್ಲಿ, ಕೆಲವರಪಲ್ಲಿ, ತೊರಪಲ್ಲಿ, ಹೆಸರು ಕೇಳಿದರೆ ತಿಳಿಯುವುದಿಲ್ಲವಾ? ನಮ್ಮ ಎಂಪಿ 2024ರಲ್ಲಿ ಲೋಕಸಭೆಯಲ್ಲಿ ತೆಲುಗಿನಲ್ಲಿ ಪ್ರಮಾಣವಚನ ತೆಗೆದುಕೊಂಡು, ಕೊನೆಗೆ ತಮಿಳಿನಲ್ಲಿ ನನ್ರಿ ವಣಕ್ಕಂ ಹೇಳಿದರು. ಟಿವಿಯಲ್ಲಿ ಅದನ್ನು ವಿಚಿತ್ರ ಅಂತ ತೋರಿಸಿದರು. ನಮ್ಮ ಬೀದಿಯಲ್ಲಿ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ನಮ್ಮ ಮನೆ ಹತ್ತಿರದ ದಿನಸಿ ಅಂಗಡಿಯಲ್ಲಿ "ವಾಂಗ" ಅಂತ ತಮಿಳಿನಲ್ಲಿ ಕರೆಯುತ್ತಾರೆ. ಹೆಂಡತಿಯ ಜೊತೆ ತೆಲುಗಿನಲ್ಲಿ ಜಗಳ ಆಡುತ್ತಾರೆ. ದುಡ್ಡು ಮಾತ್ರ ಕನ್ನಡದಲ್ಲಿ ಎಣಿಸುತ್ತಾರೆ. ಯಾಕೆ ಅಂತ ಕೇಳಿದ್ದೆ. "ಕಲಿತಿದ್ದು ಹಂಗೇ ಅಣ್ಣ" ಅಂದರು.

ಗಡಿನಾಡು
ಅಣ್ಣ, ನಿಮ್ಮದು ಹೊಂದಿಕೊಂಡವರ ಮಾತು. 2016ರ ಸೆಪ್ಟೆಂಬರ್ ಮರೆತಿರಾ?

ರಾಮನಾಯಕನಕೆರೆ_ದಂಡೆ
ಮರೆಯುವುದು ಹೇಗೆ. ಕಾವೇರಿ ಗಲಾಟೆಯಲ್ಲಿ ಎರಡೂ ಕಡೆಯ ಬಸ್ಸು ಗಡಿಯಲ್ಲೇ ನಿಂತವು. ಜನ ಅತ್ತಿಬೆಲೆಯಲ್ಲಿ ಇಳಿದು ಜೂಜುವಾಡಿಗೆ ನಡೆದರು. ನಾನೂ ನಡೆದೆ. ಮುಂದೆ ಒಬ್ಬಳು ಬಾಣಂತಿ, ಕೂಸು ಅವಳ ಅಮ್ಮನ ಕೈಯಲ್ಲಿ, ಬ್ಯಾಗು ಯಾರೋ ಪರಿಚಯವಿಲ್ಲದ ಹುಡುಗನ ತಲೆ ಮೇಲೆ. ಆ ಹುಡುಗ ಯಾವ ಭಾಷೆಯವನು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನ ಗಾಡಿ ನಂಬರ್ ಟಿಎನ್ 70, ಅದನ್ನು ತಿಂಗಳು ಪೂರ್ತಿ ಮನೆಯಿಂದ ಹೊರಗೆ ತೆಗೆಯಲಿಲ್ಲ. ಭಯ ಇತ್ತು, ಇಲ್ಲ ಅನ್ನುವುದಿಲ್ಲ.

ಎಳೆ_ನೋಡಿಕೊಳ್ಳುವವರು
ಗಡಿ ವಿವಾದಕ್ಕೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಒಬ್ಬರು ಮನೆ ಹುಡುಕುತ್ತಿದ್ದಾರೆ.

ತಳಿ_ರಸ್ತೆ
ನೀರಿನ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ನಾವು ಹೂವಿನವರು. ಒಂದು ಎಕರೆ ಪಾಲಿಹೌಸಿನಲ್ಲಿ ಗುಲಾಬಿ, ಉಳಿದಿದ್ದು ರಾಗಿ.

ಹೊಸೂರಿನ ನಲ್ಲಿಗೆ ಹೊಗೇನಕಲ್ ಯೋಜನೆಯ ನೀರು ಬರುತ್ತದೆ. ಅಂದರೆ ಕಾವೇರಿ. ಬೋರ್‌ವೆಲ್ ಇರುವ ಮನೆಯೇ ನೋಡಿ, ನಲ್ಲಿ ನೀರು ದಿನಾ ಬರುವುದಿಲ್ಲ. ಇದು ಕುಡಿಯುವ ನೀರಿನ ಕಥೆ.

ಇನ್ನೊಂದು ನೀರಿದೆ. ದಕ್ಷಿಣ ಪಿನಾಕಿನಿ ನಂದಿ ಬೆಟ್ಟದಲ್ಲಿ ಹುಟ್ಟಿ ಹೊಸಕೋಟೆ ಕಡೆಯಿಂದ ಇಳಿಯುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿಯೂ ಅದಕ್ಕೇ ಸೇರುತ್ತದೆ. ಅದು ನಮ್ಮ ಕೆಲವರಪಲ್ಲಿ ಅಣೆಕಟ್ಟಿಗೆ ಬರುತ್ತದೆ. ಮಳೆಗಾಲದಲ್ಲಿ ಗೇಟು ತೆಗೆದಾಗ ಬಂದು ನೋಡಿ. ನೊರೆ ಸೇತುವೆ ಮೇಲೆ ಹತ್ತಿರುತ್ತದೆ, ಗಾಳಿ ಬಂದರೆ ಹತ್ತಿ ಹಾರಿದ ಹಾಗೆ ಗದ್ದೆ ಮೇಲೆ ಬೀಳುತ್ತದೆ. ಟಿವಿಯವರು ಪ್ರತಿ ವರ್ಷ ಬಂದು "ಹಿಮದಂತೆ" ಅಂತ ತೋರಿಸುತ್ತಾರೆ. ಹಿಮ ನಾತ ಹೊಡೆಯುತ್ತದಾ? ಬೆಂಗಳೂರು ಕಾವೇರಿ ಕುಡಿಯುತ್ತದೆ, ಆದರೆ ಬಳಸಿದ ನೀರಲ್ಲಿ ಒಂದು ಪಾಲು ಪಿನಾಕಿನಿಗೆ ಬಿಡುತ್ತದೆ. ಅದು ನಮ್ಮ ಕೆಳಗಿನ ಗದ್ದೆಗೆ ಬರುತ್ತದೆ. ನಮ್ಮ ಚಿಕ್ಕಪ್ಪ ಅದೇ ನೀರಿನಲ್ಲಿ ಕಾಲಿಟ್ಟು ಇಟ್ಟು, ಮಂಡಿ ತನಕ ಚರ್ಮ ಮೀನಿನ ಸಿಪ್ಪೆ ಆಗಿದೆ.

ನಮ್ಮೂರ ಫ್ಯಾಕ್ಟರಿಗಳೂ ಸಾಚಾ ಅಂತ ಹೇಳುವುದಿಲ್ಲ. ಆದರೆ ಅಷ್ಟು ನೊರೆ ಮಾಡುವ ಶಕ್ತಿ ನಮ್ಮ ಊರಿಗಿಲ್ಲ.

ಸಿಲ್ಕ್‌ಬೋರ್ಡ್‌_ಸಂತ್ರಸ್ತ
@ತಳಿ_ರಸ್ತೆ ಆನೆ ಬಗ್ಗೆ ಹೇಳಿ ಸ್ವಾಮಿ, ಅವರು ಹೆದರಿಕೊಳ್ಳಲಿ 😀

ತಳಿ_ರಸ್ತೆ
ಹೆದರಿಸುವುದಕ್ಕಲ್ಲ, ಇರುವುದನ್ನು ಹೇಳುತ್ತೇನೆ. ರಾಗಿ ತೆನೆ ಕಟ್ಟುವ ಹೊತ್ತಿಗೆ ಬನ್ನೇರುಘಟ್ಟ ಕಾಡಿನಿಂದ ಹಿಂಡು ಇಳಿಯುತ್ತದೆ. ಜವಳಗಿರಿ, ತಳಿ, ಡೆಂಕಣಿಕೋಟೆ ಮೇಲೆ ಬಂದು ಸಾನಮಾವು ಕಾಡು ಸೇರುತ್ತದೆ. ಸಾನಮಾವು ಅಂದರೆ ಹೊಸೂರಿನ ಪಕ್ಕ, ಹೈವೇಗೆ ಹತ್ತಿರ. ಒಂದು ಕಡೆ ಕಂಟೇನರ್ ಲಾರಿ, ಒಂದು ಕಡೆ ಆನೆ.

ಎರಡು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ನಾನೂ ಅಣ್ಣನೂ ಅಟ್ಟಣೆ ಮೇಲೆ ಕಾವಲು ಕೂತಿದ್ದೆವು. ಮಂಜು. ಏನೂ ಕಾಣುವುದಿಲ್ಲ. ಶಬ್ದ ಮಾತ್ರ. ತೆನೆಯನ್ನು ಸುರುಳಿ ಸುತ್ತಿ ಕೀಳುವ ಚರ್ ಚರ್, ಬೇರಿನ ಮಣ್ಣು ಕಾಲಿಗೆ ಬಡಿದು ಒದರುವ ಪಟ್ ಪಟ್. ನಿಧಾನಕ್ಕೆ, ಮನೆಯಲ್ಲಿ ಕೂತು ಉಣ್ಣುವ ಹಾಗೆ. ಪಟಾಕಿ ಅಣ್ಣನ ಕೈಯಲ್ಲಿತ್ತು. ಹಚ್ಚಲಿಲ್ಲ. ಮರಿ ಇದೆ ಕಣೋ ಅಂದ. ಬೆಳಗ್ಗೆ ನೋಡಿದರೆ ಅರ್ಧ ಎಕರೆ ಇಲ್ಲ. ಪರಿಹಾರದ ಅರ್ಜಿ ಕೊಟ್ಟೆವು, ಅದು ಇನ್ನೂ ಟೇಬಲ್ಲಿನಿಂದ ಟೇಬಲ್ಲಿಗೆ ಓಡಾಡುತ್ತಿದೆ. ಆನೆಯಾದರೂ ವರ್ಷಕ್ಕೊಮ್ಮೆ ಬಂದು ಹೋಗುತ್ತದೆ.

ಊರೊಳಗೆ ಮನೆ ಮಾಡುವವರಿಗೆ ಇದರ ಚಿಂತೆ ಬೇಡ. ಕಾಡಂಚಿನ ಲೇಔಟಿನಲ್ಲಿ "ಪ್ರಕೃತಿಯ ಮಡಿಲು" ಅಂತ ಬರೆದಿದ್ದರೆ ಮಾತ್ರ ಒಂದು ಸಲ ವಿಚಾರಿಸಿ.

ಹೂವಿನ ಮಾತು ಕೇಳಿದರೆ ಫೆಬ್ರವರಿ ನಮ್ಮ ದೀಪಾವಳಿ. ತಾಜ್‌ಮಹಲ್ ಅನ್ನುವ ಕೆಂಪು ಗುಲಾಬಿ ಪ್ರೇಮಿಗಳ ದಿನಕ್ಕೆ ಹೊರದೇಶಕ್ಕೆ ಹೋಗುತ್ತದೆ. ಆಮೇಲೆ ರೇಟು ಬಿದ್ದರೆ ದನಕ್ಕೆ ಹಾಕುತ್ತೇವೆ. ಗುಲಾಬಿ ತಿನ್ನುವ ಹಸು ಬೇರೆ ಎಲ್ಲಿದೆ ಹೇಳಿ.

ಹೊಸಬ_ಇವಿ
ಹಳೆಯವರು ಮೊಪೆಡ್ ಹೇಳಿದರು, ನಾನು ಹೊಸದನ್ನು ಹೇಳುತ್ತೇನೆ. ಈಥರ್ ಸ್ಕೂಟರ್ ಬೆಂಗಳೂರಿನ ಕಂಪನಿ, ಆದರೆ 2021ರಿಂದ ತಯಾರಾಗುವುದು ಹೊಸೂರಿನಲ್ಲಿ. ಟಾಟಾ ಎಲೆಕ್ಟ್ರಾನಿಕ್ಸ್ ಐಫೋನಿನ ಹೊರಕವಚ ಮಾಡುವುದೂ ಇಲ್ಲೇ. ಅಲ್ಲಿ ಕೆಲಸಗಾರರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಭಾನುವಾರ ಸಂಜೆ ಬಸ್ ಸ್ಟ್ಯಾಂಡ್ ಕಡೆ ಹೋದರೆ ಹಾಸ್ಟೆಲ್ ಹುಡುಗಿಯರ ದಂಡು. ಪಾನಿಪೂರಿ ಅಂಗಡಿ ಹೆಚ್ಚಿದ್ದು ಅದಕ್ಕೇ.

ವಿಮಾನ ನಿಲ್ದಾಣ ಬರುತ್ತೆ ಅಂತ ರೇಟು ಏರಿಸುತ್ತಿದ್ದಾರೆ, ಹುಷಾರು. 2024ರ ಜೂನ್‌ನಲ್ಲಿ ಸ್ಟಾಲಿನ್ ವಿಧಾನಸಭೆಯಲ್ಲಿ 2,000 ಎಕರೆ, ವರ್ಷಕ್ಕೆ 3 ಕೋಟಿ ಪ್ರಯಾಣಿಕರು ಅಂತ ಘೋಷಿಸಿದರು. ಆದರೆ ಬೆಂಗಳೂರು ವಿಮಾನ ನಿಲ್ದಾಣದ ಒಪ್ಪಂದದಲ್ಲಿ 2033ರವರೆಗೆ 150 ಕಿಲೋಮೀಟರ್ ಒಳಗೆ ಇನ್ನೊಂದು ಬರಬಾರದು ಅಂತಿದೆ. ಈಗ ಇರುವುದು ಬೆಳಗೊಂಡಪಲ್ಲಿಯ ಖಾಸಗಿ ರನ್‌ವೇ ಅಷ್ಟೇ. ಮನೆ ಮನೆಗಾಗಿ ನೋಡಿ, ವಿಮಾನಕ್ಕಾಗಿ ಬೇಡ.

ಕಾರು ಕೆಎ ನಂಬರ್ ಆಗಿದ್ದರೆ, ಒಂದು ವರ್ಷದ ಮೇಲೆ ಇಲ್ಲೇ ಇಟ್ಟುಕೊಳ್ಳುವ ಹಾಗಿದ್ದರೆ ಇಲ್ಲಿನ ನಂಬರ್ ಮಾಡಿಸಬೇಕು.

ಅಕ್ಕಿರೊಟ್ಟಿ
ಎಲ್ಲರಿಗೂ ಥ್ಯಾಂಕ್ಸ್. ಎರಡು ಭಾನುವಾರ, ಒಂದು ಸೋಮವಾರ ಬಂದು ನೋಡಿಕೊಂಡು ಹೋದೆವು. ಸೋಮವಾರ ಬೇಕೂಂತಲೇ ಬೆಳಗ್ಗೆ ಐದೂವರೆಗೆ ಟೀ ಅಂಗಡಿಗೆ ಹೋದೆ. ಅರ್ಧ ಲೋಟದ ಮಾತು ನಿಜ! ಕಟ್ಟೆ ಮೇಲೆ ಏಳು ಲೋಟ ಎಣಿಸಿದೆ. ನಮ್ಮವರದು ಎಂಟನೆಯದು.

ತೇರುಪೇಟೆ ಕಡೆ ಒಂದು ಮನೆ ಒಪ್ಪಿಗೆ ಆಯಿತು. ಮೊದಲ ಮಹಡಿ, ಬೋರ್‌ವೆಲ್ ಇದೆ, ಕಿಟಕಿಯಿಂದ ಬೆಟ್ಟ ಕಾಣುತ್ತದೆ. ಮನೆ ಒಡತಿ ಅಜ್ಜಿ ನನ್ನ ಜೊತೆ ಕನ್ನಡ, ಸೊಸೆ ಜೊತೆ ತೆಲುಗು, ಪ್ಲಂಬರ್ ಜೊತೆ ತಮಿಳು. ಮಗಳು ಒಳಗೆ ಹೋಗಿ ಎರಡೇ ನಿಮಿಷಕ್ಕೆ ಕೈಯಲ್ಲಿ ಕೋಡುಬಳೆ ಹಿಡಿದುಕೊಂಡು ಬಂದಳು. ಯಾವ ಭಾಷೆಯಲ್ಲಿ ಕೇಳಿದಳೋ ಗೊತ್ತಿಲ್ಲ.

ಶಾಲೆ ಇಂಗ್ಲಿಷ್ ಮೀಡಿಯಂಗೇ ಸೇರಿಸುತ್ತಿದ್ದೇವೆ. @ಗಡಿನಾಡು ಬೈಯಬೇಡಿ, ಕನ್ನಡ ಓದು ಬರಹ ಮನೆಯಲ್ಲಿ ನಾನೇ ಕಲಿಸುತ್ತೇನೆ. ತಮಿಳು ಅವಳು ನಮಗೆ ಕಲಿಸಲಿ.

ಒಂದೇ ತೊಂದರೆ. ಬಾಡಿಗೆ ಕರಾರು ಪೂರ್ತಿ ತಮಿಳಿನಲ್ಲಿದೆ. ನಮಗಿಬ್ಬರಿಗೂ ಒಂದಕ್ಷರ ಬರುವುದಿಲ್ಲ. ಯಾರಾದರೂ ಓದಿ ಹೇಳುತ್ತೀರಾ?

ಗಡಿನಾಡು
ಬೈಯುವುದಿಲ್ಲ ತಂಗಿ. ಕಾಗುಣಿತದ ಪುಸ್ತಕ ಬೇಕಿದ್ದರೆ ಕೇಳಿ, ನನ್ನ ಹತ್ತಿರ ಕಟ್ಟಿಟ್ಟಿದ್ದು ಇದೆ.

ಬಿ_ಶಿಫ್ಟ್
ಅಕ್ಕ, ಸಾಮಾನು ಇಳಿಸಲು ನಾವು ಮೂರು ಜನ ಬರುತ್ತೇವೆ. ಬೆಳಗ್ಗೆ ಹೊತ್ತಾದರೆ ಫ್ರೀ. ದುಡ್ಡು ಬೇಡ, ಹೆಸರಿಗೆ ತಕ್ಕ ಹಾಗೆ ರೊಟ್ಟಿ ಇದ್ದರೆ ಸಾಕು.

ರಾಮನಾಯಕನಕೆರೆ_ದಂಡೆ
ಕರಾರಿನ ಫೋಟೊ ಇಲ್ಲಿ ಹಾಕಬೇಡಿ, ನನಗೆ ಖಾಸಗಿಯಾಗಿ ಕಳಿಸಿ. ಅಡ್ವಾನ್ಸ್ ವಾಪಸ್ ಕೊಡುವಾಗ ಪೇಂಟಿಂಗ್ ಎಷ್ಟು ಹಿಡಿಯುತ್ತಾರೆ ಅನ್ನುವ ಸಾಲು ಮೊದಲು ನೋಡೋಣ.

ಮತ್ತೆ, ಟೆಂಪೊ ಯಾವತ್ತು ತರುತ್ತೀರಿ ಅಂತ ತಿಳಿಸಿ. ಈ ತಿಂಗಳು ಚಂದ್ರಚೂಡೇಶ್ವರನ ತೇರು. ಆ ದಿನ ತೇರುಪೇಟೆಗೆ ಸೈಕಲ್ ಕೂಡ ನುಗ್ಗುವುದಿಲ್ಲ. ಹಿಂದಿನ ದಿನವೇ ಬಂದುಬಿಡಿ, ಇಲ್ಲದಿದ್ದರೆ ತೇರು ಮುಗಿದ ಎರಡು ದಿನಕ್ಕೆ ಬನ್ನಿ.

ಅಕ್ಕಿರೊಟ್ಟಿ
ಹಿಂದಿನ ದಿನವೇ ಬರುತ್ತೇವೆ. ಮಗಳು ತೇರು ನೋಡಬೇಕಂತೆ.